ಬಸ್ಸೋ? ಬಿಡಾರವೋ?

ನಮ್ಮ ಕಾಲೇಜಿಗೆ ಸೇರಲು ಬರುವ ಹಳ್ಳಿಯ ವಿದ್ಯಾರ್ಥಿಯು ಅರ್ಜಿಯ ನಮೂನೆಯನ್ನು ತುಂಬುವಾಗ ಅನೇಕ ಪ್ರಶ್ನೆಗಳಿಗೆ ಉತ್ತರ ಬರೆಯಬೇಕಾಗುತ್ತದೆ. ತಂದೆಯ ಹೆಸರು, ವರಮಾನ, ಆರಿಸಿಕೊಂಡ ಐಚ್ಛಿಕ ವಿಷಯಗಳು, ಹಿಂದಿನ ಪರೀಕ್ಷೆಯ ಅಂಕಗಳು—ಎಲ್ಲಕ್ಕೂ ಒಂದೊಂದು ಗೆರೆ ಉಂಟು. ಆದರೆ ಮುಂದಿನ ಮೂರು ವರ್ಷಗಳ ಓದು ಬಹುಮಟ್ಟಿಗೆ ಯಾವ ಪ್ರಶ್ನೆಯ ಮೇಲೆ ನಿಲ್ಲುವುದೋ ಆ ಪ್ರಶ್ನೆಗೆ ಮಾತ್ರ ಅಲ್ಲಿ ಜಾಗವಿಲ್ಲ. ಅದು ಮನೆಯಲ್ಲಿ, ರಾತ್ರಿಯ ಊಟವಾದ ಮೇಲೆ, ಜಗಲಿಯ ಮೇಲೆ ಇತ್ಯರ್ಥವಾಗುವ ಪ್ರಶ್ನೆ: ದಿನವೂ ಊರಿನಿಂದ ಬಸ್ಸಿನಲ್ಲಿ ಓಡಾಡುವುದೋ, ಅಥವಾ ಕಾಲೇಜಿನ ಬಳಿಯಲ್ಲಿಯೇ ಎಲ್ಲಾದರೂ ಬಿಡಾರ ಮಾಡಿಕೊಂಡು ಇರುವುದೋ?

ನಾನು ಎರಡು ವರ್ಷ ಬಸ್ಸಿನಲ್ಲಿ ಓಡಾಡಿದವಳು. ಈ ಒಂದು ವರ್ಷ ಬಿಡಾರದಲ್ಲಿ ಇರುವವಳು. ಎರಡು ಕಡೆಯ ಸುಖದುಃಖಗಳನ್ನೂ ಕಂಡವಳಾದುದರಿಂದ ಈ ವಿಷಯದಲ್ಲಿ ನನ್ನ ಅಭಿಪ್ರಾಯವನ್ನು ಹೇಳಲು ನನಗೆ ಸ್ವಲ್ಪಮಟ್ಟಿಗೆ ಅಧಿಕಾರವಿದೆಯೆಂದು ಭಾವಿಸಿ ಈ ಲೇಖನವನ್ನು ಬರೆಯುತ್ತಿದ್ದೇನೆ. ಕಾಲೇಜನ್ನು ಬಿಡುವ ಮುನ್ನ ನನ್ನ ಹಿಂದೆ ಬರುವವರಿಗೆ ಹೇಳಿಹೋಗಬೇಕಾದ ಮಾತು ಇದೊಂದೇ ಎಂದೂ ತೋರುತ್ತದೆ.

ನಮ್ಮ ಹಳ್ಳಿ ಗೊರೂರಿನಿಂದಾಚೆ, ಹೇಮಾವತಿಯ ದಡಕ್ಕೆ ದೂರವಲ್ಲದ ಒಂದು ಸಣ್ಣ ಊರು. ಹಾಸನಕ್ಕೆ ಸುಮಾರು 35 ಕಿಲೋಮೀಟರು. ದೂರವೇನೂ ಹೆಚ್ಚಲ್ಲ ಎನ್ನುವವರುಂಟು. ಅದೇನೋ ಸರಿಯೆ, ಕಾರಿನಲ್ಲಿ ಹೋಗುವವರಿಗೆ ಅದು ಮುಕ್ಕಾಲು ಗಂಟೆಯ ದಾರಿ. ನನ್ನ ಲೆಕ್ಕ ಬೇರೆ. ಮನೆಯಿಂದ ನಮ್ಮೂರ ಗೇಟಿಗೆ ನಡಿಗೆ 20 ನಿಮಿಷ. ಅಲ್ಲಿ ಬಸ್ಸಿಗಾಗಿ ಕಾಯುವುದು, ದೇವರು ಒಳ್ಳೆಯವನಾದ ದಿನ, 15 ನಿಮಿಷ. ಎಲ್ಲ ಊರಿನ ಗೇಟುಗಳಲ್ಲಿಯೂ ನಿಂತು ನಿಂತು ಬರುವ ಬಸ್ಸಿನಲ್ಲಿ 70 ನಿಮಿಷ. ಬಸ್ ಸ್ಟ್ಯಾಂಡಿನಿಂದ ಕಾಲೇಜಿಗೆ ಮತ್ತೆ 15 ನಿಮಿಷ. ಒಟ್ಟು ಎರಡು ಗಂಟೆ. ಸಂಜೆ ಹಿಂದಕ್ಕೆ ಹೋಗಲು ಇನ್ನೆರಡು ಗಂಟೆ. ದಿನಕ್ಕೆ ನಾಲ್ಕು ಗಂಟೆ ಎಂದಾಯಿತು.

ಎರಡನೆಯ ವರ್ಷದಲ್ಲಿ ಒಂದು ದಿನ ಬಸ್ಸು ಕೆಟ್ಟು ನಿಂತಿದ್ದಾಗ ಕೆಲಸವಿಲ್ಲದೆ ನೋಟ್‌ಬುಕ್ಕಿನ ಹಿಂಬದಿಯಲ್ಲಿ ಈ ಲೆಕ್ಕವನ್ನು ಮುಂದುವರಿಸಿದೆ. ವರ್ಷಕ್ಕೆ ಪಾಠ ನಡೆಯುವ ದಿನಗಳು 180 ಎಂದಿಟ್ಟುಕೊಂಡರೆ 720 ಗಂಟೆಗಳಾದವು. 720ನ್ನು ಹಗಲು ರಾತ್ರಿ ಸೇರಿದ 24ರಿಂದ ಭಾಗಿಸಿದೆ. ಸರಿಯಾಗಿ 30 ಬಂದಿತು. ಅಂದರೆ ವರ್ಷದಲ್ಲಿ ಒಂದು ಇಡೀ ತಿಂಗಳನ್ನು, ನಿದ್ದೆಯೂ ಇಲ್ಲದೆ, ನಾನು ರಸ್ತೆಯ ಮೇಲೆ ಕಳೆಯುತ್ತಿದ್ದೆ. ಇನ್ನೊಂದು ರೀತಿಯಲ್ಲಿಯೂ ಲೆಕ್ಕ ಹಾಕಿದೆ. ವಾರಕ್ಕೆ 4 ಗಂಟೆಯಂತೆ 15 ವಾರ ನಡೆಯುವ ಒಂದು ಪತ್ರಿಕೆಗೆ ತರಗತಿಯ ಪಾಠ 60 ಗಂಟೆ. 720 ಗಂಟೆಗಳಲ್ಲಿ ಅಂಥ ಹನ್ನೆರಡು ಪತ್ರಿಕೆಗಳ ಪಾಠ ಮುಗಿಯುತ್ತದೆ! ಬಸ್ಸು ರಿಪೇರಿಯಾಗಿ ಹೊರಟಿತು. ನನ್ನ ಮನಸ್ಸು ಮಾತ್ರ ಅಲ್ಲಿಯೇ ನಿಂತುಬಿಟ್ಟಿತು.

ಹಾಗಾದರೆ ಮೊದಲ ವರ್ಷವೇ ಬಿಡಾರ ಮಾಡಬೇಕಾಗಿತ್ತಲ್ಲ, ಯಾಕೆ ಮಾಡಲಿಲ್ಲ ಎಂದು ನೀವು ಕೇಳಬಹುದು. ನಾನು ಕಾಲೇಜಿಗೆ ಸೇರಿದುದು 2023ರಲ್ಲಿ. ಅದೇ ವರ್ಷ ಜೂನ್ 11ರಂದು ಶಕ್ತಿ ಯೋಜನೆ ಆರಂಭವಾಗಿ, ರಾಜ್ಯದ ಸರ್ಕಾರಿ ಸಾರಿಗೆಯ ಸಾಮಾನ್ಯ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟ್ಟಿನ ಹಣವಿಲ್ಲದಂತಾಯಿತು. ನಮ್ಮ ಮನೆಯ ಜಗಲಿಯ ಮೇಲೆ ನನ್ನ ಪ್ರಶ್ನೆ ಬಂದಾಗ ಅಪ್ಪ ಒಂದೇ ಮಾತಿನಲ್ಲಿ ಮುಗಿಸಿದರು: “ಬಸ್ಸು ಬಿಟ್ಟಿ ಆಗೈತೆ. ಮನೇಲಿ ಮುದ್ದೆ ಐತೆ. ಇನ್ನು ರೂಮು ಗೀಮು ಅಂತ ದುಡ್ಡು ಸುರಿಯೋದು ಯಾತಕ್ಕವ್ವ?” ಅವರ ಮಾತಿನಲ್ಲಿ ತಪ್ಪೇನಿತ್ತು? ಸರ್ಕಾರಿ ಹಾಸ್ಟೆಲಿಗೂ ಅರ್ಜಿ ಹಾಕಿದ್ದೆ. ಸೀಟುಗಳಿಗಿಂತ ಅರ್ಜಿಗಳು ಹೆಚ್ಚು. ಪಟ್ಟಿಯಲ್ಲಿ ನನ್ನ ಹೆಸರು ಬರಲಿಲ್ಲ. ಬಸ್ಸೇ ಗತಿಯಾಯಿತು.

ಇಲ್ಲಿ ನಮ್ಮ ಹಿರಿಯರ ಕಾಲವನ್ನು ಸ್ವಲ್ಪ ನೆನೆಯುವುದು ಅಪ್ರಸ್ತುತವಾಗಲಾರದು. ಅವರಿಗೆ ಈ ಪ್ರಶ್ನೆಯೇ ಇರಲಿಲ್ಲ. ಕಾಲೇಜುಗಳು ಮೈಸೂರು, ಬೆಂಗಳೂರು, ಧಾರವಾಡ ಎಂದು ಬೆರಳೆಣಿಕೆಯ ಊರುಗಳಲ್ಲಿದ್ದವು. ಓದಬೇಕೆಂದರೆ ಊರು ಬಿಡಬೇಕು, ಬೇರೆ ಮಾರ್ಗವಿಲ್ಲ. ಬಿಟ್ಟು ಬಂದವರಲ್ಲಿ ಕೆಲವರು ವಾರಾನ್ನದ ಮನೆಗಳಲ್ಲಿ, ಸೋಮವಾರ ಒಂದು ಮನೆ ಮಂಗಳವಾರ ಇನ್ನೊಂದು ಮನೆ ಎಂದು ಉಂಡು ಓದಿದರು. ಕೆಲವರಿಗೆ ಮಠಗಳು ನೆರಳು ಕೊಟ್ಟವು. ತುಮಕೂರಿನ ಬಳಿಯ ಸಿದ್ಧಗಂಗೆಯಲ್ಲಿಯೂ ಧಾರವಾಡದ ಮುರುಘಾಮಠದಲ್ಲಿಯೂ ಅನ್ನವುಂಡು ಓದಿದವರು ಈ ನಾಡಿನ ಮೂಲೆಮೂಲೆಗಳಲ್ಲಿದ್ದಾರೆ. ಮಲೆನಾಡಿನ ಕುಪ್ಪಳಿಯಿಂದ ಮೈಸೂರಿಗೆ ಬಂದ ಕುವೆಂಪು ಅವರು ಮಹಾರಾಜಾ ಕಾಲೇಜಿನಲ್ಲಿ ಓದುವಾಗ ಶ್ರೀ ರಾಮಕೃಷ್ಣಾಶ್ರಮದಲ್ಲಿ ಇದ್ದುದು ಎಲ್ಲರಿಗೂ ತಿಳಿದ ಸಂಗತಿ. ಗೌರಿಬಿದನೂರಿನ ಬಳಿಯ ಹೊಸೂರಿನ ಎಚ್. ನರಸಿಂಹಯ್ಯನವರು 1935ರಲ್ಲಿ ಬಸ್ಸಿಗೆ ಕಾಸಿಲ್ಲದೆ ಬೆಂಗಳೂರಿಗೆ ನಡೆದೇ ಬಂದು ನ್ಯಾಷನಲ್ ಹೈಸ್ಕೂಲು ಸೇರಿದರು. ಮುಂದೆ ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಗಳಾದ ಅವರು ಬಾಳಿನ ಬಹುಭಾಗವನ್ನು ನ್ಯಾಷನಲ್ ಕಾಲೇಜಿನ ವಿದ್ಯಾರ್ಥಿನಿಲಯದ ಒಂದು ಕೊಠಡಿಯಲ್ಲಿಯೇ ಕಳೆದರು.

ಆಮೇಲೆ ಎರಡು ಬದಲಾವಣೆಗಳಾದವು. 1948ರ ಸೆಪ್ಟೆಂಬರಿನಲ್ಲಿ ಮೈಸೂರು ಸರ್ಕಾರವು 120 ಬಸ್ಸುಗಳಿಂದ ರಸ್ತೆ ಸಾರಿಗೆಯನ್ನು ಆರಂಭಿಸಿತು. 1961ರಲ್ಲಿ ಅದು ನಿಗಮವಾಯಿತು. ಕ್ರಮೇಣ ಹಳ್ಳಿಹಳ್ಳಿಗೂ ಬಸ್ಸು ಬಂದಿತು. ಇನ್ನೊಂದು ಕಡೆ ಕಾಲೇಜುಗಳೇ ಹಳ್ಳಿಗಳ ಹತ್ತಿರಕ್ಕೆ ಬಂದವು. ಈಗ ರಾಜ್ಯದಲ್ಲಿ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳೇ ನಾನೂರಕ್ಕೂ ಹೆಚ್ಚಾಗಿವೆ. ಇವೆರಡರ ಫಲವಾಗಿ ಊರು ಬಿಡದೆಯೇ ಪದವೀಧರರಾಗಲು ಸಾಧ್ಯವಾಯಿತು. ಇದು ಸಣ್ಣ ಮಾತಲ್ಲ. ನನ್ನ ಸೋದರತ್ತೆ ಎಸ್.ಎಸ್.ಎಲ್.ಸಿ.ಯಲ್ಲಿ ಊರಿಗೇ ಮೊದಲಿಗಳಾಗಿ ಉತ್ತೀರ್ಣಳಾದವಳು. ಆಗ ನಮ್ಮ ಗೇಟಿಗೆ ದಿನಕ್ಕೆ ಒಂದೇ ಬಸ್ಸು. ಅವಳ ಓದು ಅಲ್ಲಿಗೆ ನಿಂತಿತು. ನನ್ನ ಓದು ನಿಲ್ಲದಿರಲು ಆ ಕೆಂಪು ಬಸ್ಸೇ ಕಾರಣ. ಅದನ್ನು ಹಳಿದರೆ ಉಂಡ ಮನೆಯ ಜಂತಿ ಎಣಿಸಿದಂತೆ ಆದೀತು.

ಬಸ್ಸಿನಲ್ಲಿ ಕಲಿತದ್ದೂ ಉಂಟು. ನಮ್ಮ ಬೆಳಗಿನ ಬಸ್ಸಿನಲ್ಲಿ ಗಾರ್ಮೆಂಟ್ಸಿಗೆ ಹೋಗುವ ಹೆಂಗಸರು, ಸೊಪ್ಪಿನ ಕುಕ್ಕೆಯವರು, ಆಸ್ಪತ್ರೆಗೆ ಹೊರಟ ಮುದುಕರು, ಕಚೇರಿಯ ಗುಮಾಸ್ತರು, ನಾವು—ಎಲ್ಲರೂ ಒಂದೇ ಕಂಬಿಯನ್ನು ಹಿಡಿದು ನಿಲ್ಲುತ್ತಿದ್ದೆವು. ಒಬ್ಬ ಅಜ್ಜಿ ದಿನವೂ ತನ್ನ ಪಕ್ಕದಲ್ಲಿ ನನಗೆ ಅರ್ಧ ಸೀಟು ಹಿಡಿದಿಟ್ಟು, ಬದಲಿಗೆ ಆಸ್ಪತ್ರೆಯ ಚೀಟಿಯನ್ನು ಓದಿಸಿಕೊಳ್ಳುತ್ತಿದ್ದಳು. ಸಮಾಜಶಾಸ್ತ್ರದ ಪುಸ್ತಕದಲ್ಲಿ ಓದಿದ ಎಷ್ಟೋ ಸಂಗತಿಗಳನ್ನು ನಾನು ಮೊದಲು ಕಂಡದ್ದು ಆ ಬಸ್ಸಿನಲ್ಲಿಯೇ. ಸಂಜೆ ಮನೆಗೆ ಹೋದರೆ ಅವ್ವನ ಕೈಯ ಬಿಸಿ ಮುದ್ದೆ, ಉಪ್ಸಾರು. ಹಟ್ಟಿಯಲ್ಲಿ ಎರಡು ಸೀಮೆಹಸುಗಳಿದ್ದವು. ಬೆಳಿಗ್ಗೆ ಐದಕ್ಕೆ ಎದ್ದು ನಾನು ಒಂದನ್ನು ಕರೆದರೆ ಅವ್ವ ಇನ್ನೊಂದನ್ನು ಕರೆಯುತ್ತಿದ್ದಳು. ಡೇರಿಗೆ ಹಾಲು ಹಾಕಿ ಬಂದೇ ನಾನು ಗೇಟಿನ ದಾರಿ ಹಿಡಿಯುತ್ತಿದ್ದೆ. ಮನೆಗೆ ಭಾರವಾಗದೆ ಓದುತ್ತಿದ್ದೇನೆ ಎಂಬ ಸಮಾಧಾನ ಚಿಕ್ಕದಲ್ಲ.

ಹೀಗಿರುವಾಗ ನನ್ನ ಮನಸ್ಸನ್ನು ಬದಲಾಯಿಸಿದ್ದು ಒಂದು ಸಣ್ಣ ಘಟನೆ. ಎರಡನೆಯ ವರ್ಷದಲ್ಲಿ ನಮ್ಮ ಕನ್ನಡ ಅಧ್ಯಾಪಕರೊಬ್ಬರು ವಾರಕ್ಕೆ ಎರಡು ದಿನ, ಸಂಜೆ ನಾಲ್ಕೂಕಾಲಕ್ಕೆ, ಆಸಕ್ತಿಯುಳ್ಳವರನ್ನು ಕೂಡಿಸಿಕೊಂಡು ಗದುಗಿನ ಭಾರತವನ್ನು ಓದಿಸತೊಡಗಿದರು. ಪರೀಕ್ಷೆಗೂ ಅದಕ್ಕೂ ಸಂಬಂಧವಿರಲಿಲ್ಲ. ಒಬ್ಬರು ರಾಗವಾಗಿ ಓದುವುದು, ಅವರು ಅರ್ಥ ಹೇಳುವುದು, ನಾವು ಕೇಳುವುದು. ಹತ್ತು ಹನ್ನೆರಡು ಜನ ಸೇರುತ್ತಿದ್ದೆವು. ನನ್ನ ಬಸ್ಸು ನಾಲ್ಕು ಐವತ್ತಕ್ಕೆ. ಅದು ತಪ್ಪಿದರೆ ಮುಂದಿನದರಲ್ಲಿ ಊರು ಸೇರುವಾಗ ಕತ್ತಲೆ, ಗೇಟಿನಿಂದ ಮನೆಗೆ ಒಬ್ಬಳೇ ನಡೆಯಬೇಕು. ಆದುದರಿಂದ ನಾಲ್ಕೂವರೆಗೆ ಎದ್ದುಬಿಡುತ್ತಿದ್ದೆ. ಪದ್ಯ ಶುರುವಾಗಿ, ಪಾತ್ರಗಳೆಲ್ಲ ಬಂದು ಕೂತು, ಇನ್ನೇನು ಮಾತು ಮಾತಿಗೆ ತಾಗಬೇಕು ಎನ್ನುವ ಹೊತ್ತಿಗೆ ನಾನು ಚಪ್ಪಲಿ ಹುಡುಕುತ್ತಿರುತ್ತಿದ್ದೆ. ಹೀಗೆ ಇಡೀ ವರ್ಷ ಕಥೆಯ ಆರಂಭಗಳನ್ನಷ್ಟೇ ಕೇಳಿದೆ.

ಒಂದು ದಿನ ಆ ಅಧ್ಯಾಪಕರು ಮೆಟ್ಟಿಲ ಬಳಿ ಸಿಕ್ಕಿ, “ಏನಮ್ಮ, ದಿನಾ ಮಧ್ಯದಲ್ಲಿ ಎದ್ದು ಹೋಗ್ತೀಯಲ್ಲ, ಕಾವ್ಯ ರುಚಿಸಲಿಲ್ಲವೇ?” ಎಂದು ಕೇಳಿದರು. ಕೋಪದಿಂದ ಕೇಳಿದ್ದಲ್ಲ, ನಿಜವಾಗಿಯೇ ತಿಳಿಯಲೆಂದು ಕೇಳಿದ್ದು. “ಬಸ್ಸು ಸಾರ್” ಎಂದೆ. ಅವರು, “ಛೆ, ನನಗೆ ಹೊಳೆಯಲೇ ಇಲ್ಲ” ಎಂದರು. ಬಸ್ಸಿನಲ್ಲಿ ಕೂತ ಮೇಲೆ ನನಗೆ ಅಳು ಬಂದಿತು. ಕಾಲೇಜಿಗೆ ನಾನು ಬರುತ್ತಿದ್ದೆ, ಹಾಜರಿ ಪುಸ್ತಕದಲ್ಲಿ 75ಕ್ಕೆ ಕಡಿಮೆಯಾಗದಂತೆ ನೋಡಿಕೊಂಡೂ ಇದ್ದೆ. ಆದರೆ ಕಾಲೇಜು ಎಂಬುದು ನಾಲ್ಕೂವರೆಯ ನಂತರ ಆರಂಭವಾಗುವ ದಿನಗಳಲ್ಲಿ ನಾನು ಅಲ್ಲಿರಲಿಲ್ಲ. ಚರ್ಚಾಸ್ಪರ್ಧೆಯ ತಯಾರಿ, ನಾಟಕದ ಅಭ್ಯಾಸ, ಆಟದ ಮೈದಾನ, ಗ್ರಂಥಾಲಯದಲ್ಲಿ ಯಾವ ಉದ್ದೇಶವೂ ಇಲ್ಲದೆ ಪುಸ್ತಕದಿಂದ ಪುಸ್ತಕಕ್ಕೆ ಕೈಯಾಡಿಸುವ ಬಿಡುವು—ಇವೆಲ್ಲ ಆ ಹೊತ್ತಿನವು. ತರಗತಿಯ ಪಾಠವನ್ನು ಗೆಳತಿಯ ನೋಟ್ಸಿನಿಂದ ತುಂಬಿಕೊಳ್ಳಬಹುದು. ಇವನ್ನು ಯಾರ ನೋಟ್ಸಿನಿಂದ ತುಂಬಿಕೊಳ್ಳುವುದು?

ಆ ಬೇಸಿಗೆಯಲ್ಲಿ ಮನೆಯ ಜಗಲಿಯ ಮೇಲೆ ಪ್ರಶ್ನೆಯನ್ನು ಮತ್ತೆ ಎತ್ತಿದೆ. ಈ ಸಲ ಕೈಯಲ್ಲಿ ಲೆಕ್ಕದ ಹಾಳೆ ಇತ್ತು. ಅಕ್ಕಪಕ್ಕದ ಊರಿನ ಇಬ್ಬರು ಸಹಪಾಠಿಗಳು ನನ್ನೊಡನೆ ಸೇರಲು ಸಿದ್ಧರಿದ್ದರು. ಕಾಲೇಜಿನಿಂದ ಹತ್ತು ನಿಮಿಷದ ದೂರದಲ್ಲಿ, ನಿವೃತ್ತ ಮೇಷ್ಟರೊಬ್ಬರ ಮನೆಯ ಹಿಂಬದಿಯ ಕೊಠಡಿ. ಬಾಡಿಗೆ 3,600 ರೂಪಾಯಿ, ತಲೆಗೆ 1,200. ಅಕ್ಕಿ, ರಾಗಿಹಿಟ್ಟು, ಕಾಯಿ, ಖಾರದ ಪುಡಿ ಊರಿನಿಂದ. ಗ್ಯಾಸು, ಕರೆಂಟು, ಹಾಲು, ತರಕಾರಿಗೆ ತಲೆಗೆ ಒಂದು ಸಾವಿರ. ತಿಂಗಳಿಗೆ 2,200, ಹತ್ತು ತಿಂಗಳಿಗೆ 22,000. ಹಾಸ್ಟೆಲಿನಲ್ಲಿ ಸ್ಥಳ ದೊರೆಯದವರ ಊಟ ವಸತಿಗೆಂದು ವಿದ್ಯಾಸಿರಿ ಯೋಜನೆ ಇರುವುದನ್ನೂ ಹೇಳಿದೆ. 2013-14ರಲ್ಲಿ ಆರಂಭವಾದಾಗ ಅದರಲ್ಲಿ ತಿಂಗಳಿಗೆ 1,500 ರೂಪಾಯಿಯಂತೆ ವರ್ಷಕ್ಕೆ ಹತ್ತು ತಿಂಗಳ ನೆರವು ಇತ್ತು.

ಆಮೇಲೆ ಅಪ್ಪನಿಗೆ ಹೇಳಿದೆ: “22,000 ರೂಪಾಯನ್ನ 720 ಗಂಟೆಗೆ ಹಂಚಿ ನೋಡಪ್ಪ. ಗಂಟೆಗೆ ಮೂವತ್ತು ರೂಪಾಯಿ ಬೀಳ್ತದೆ. ಶುಂಠಿ ಹೊಲದಲ್ಲಿ ಕಳೆ ಕೀಳೋಕೆ ಬರೋರಿಗೆ ನೀನು ಗಂಟೆಗೆ ಎಷ್ಟು ಕೊಡ್ತೀಯ?” ಅಪ್ಪ ಉತ್ತರ ಕೊಡಲಿಲ್ಲ. 2025-26ರಲ್ಲಿ ನಮ್ಮ ರಾಜ್ಯದಲ್ಲಿ ಉದ್ಯೋಗ ಖಾತರಿಯ ದಿನಗೂಲಿಯೇ 370 ರೂಪಾಯಿ. ಎಂಟು ಗಂಟೆಗೆ ಹಂಚಿದರೆ ಗಂಟೆಗೆ 46. ಅಂದರೆ ನನ್ನ ಓದಿನ ಹೊತ್ತನ್ನು ಕಳೆ ಕೀಳುವ ಹೊತ್ತಿಗಿಂತ ಅಗ್ಗವಾಗಿ ನಾವು ರಸ್ತೆಗೆ ಚೆಲ್ಲುತ್ತಿದ್ದೆವು. ಟಿಕೆಟ್ಟಿಗೆ ಹಣವಿಲ್ಲದ್ದರಿಂದ ಪ್ರಯಾಣಕ್ಕೇ ಬೆಲೆಯಿಲ್ಲವೆಂದು ತಿಳಿದದ್ದೇ ನಮ್ಮ ತಪ್ಪು. ಎರಡು ದಿನ ಬಿಟ್ಟು ಅಪ್ಪ ತಾವೇ ಹಾಸನಕ್ಕೆ ಬಂದು ಕೊಠಡಿಯ ಬಾಗಿಲ ಅಗುಳಿಯನ್ನು ಹಾಕಿ ತೆಗೆದು ನೋಡಿ, ಮೇಷ್ಟರ ಹೆಂಡತಿಯೊಡನೆ ಅರ್ಧ ಗಂಟೆ ಮಾತನಾಡಿ, ಮುಂಗಡ ಕೊಟ್ಟು ಹೋದರು.

ಇಲ್ಲಿಗೆ ಲೇಖನವನ್ನು ಮುಗಿಸಿ, “ಆದುದರಿಂದ ಬಿಡಾರವೇ ಲೇಸು” ಎಂದು ಬರೆದುಬಿಡುವುದು ಸುಲಭ. ಆದರೆ ಅದು ಪೂರ್ತಿ ಸತ್ಯವಾಗುವುದಿಲ್ಲ. ನನ್ನ ಕಡೆಯ ಎರಡು ತಪ್ಪೊಪ್ಪಿಗೆಗಳಿವೆ.

ಮೊದಲನೆಯದು: ಬಿಡಾರಕ್ಕೆ ಬಂದ ಮೊದಲ ತಿಂಗಳಿನಲ್ಲಿ ಉಳಿದ ನಾಲ್ಕು ಗಂಟೆಗಳನ್ನು ನಾನು ಏನು ಮಾಡಿದೆ? ಒಂದು ಗಂಟೆ ಅಡುಗೆಗೆ, ಪಾತ್ರೆಗೆ ಹೋಯಿತೆನ್ನಿ. ಮಿಕ್ಕ ಮೂರನ್ನು ಮಲಗಿ ಕಳೆದೆ, ಇಲ್ಲವೇ ಮೊಬೈಲು ಹಿಡಿದು ಕಳೆದೆ. ಮನೆಯಲ್ಲಿ “ದೀಪ ಆರಿಸವ್ವ” ಎನ್ನುವವರಿದ್ದರು. ಇಲ್ಲಿ ಯಾರೂ ಇಲ್ಲ. ಬಸ್ಸಿನ ಕಾಲದಲ್ಲಿ ರಾತ್ರಿ ಎಂಟರಿಂದ ಹತ್ತರವರೆಗೆ ಹಟ ಹಿಡಿದು ಓದುತ್ತಿದ್ದವಳು, ಹೊತ್ತು ಧಾರಾಳವಾಗಿ ಸಿಕ್ಕಿದ ಮೇಲೆ ಅಷ್ಟನ್ನೂ ಓದಲಿಲ್ಲ. ಮೊದಲ ಕಿರುಪರೀಕ್ಷೆಯಲ್ಲಿ ನನಗೆ ಹಿಂದಿಗಿಂತಲೂ ಕಡಿಮೆ ಅಂಕ ಬಂದವು. ನಮ್ಮ ತರಗತಿಯಲ್ಲಿ ಹೊಳೆನರಸೀಪುರದ ಕಡೆಯಿಂದ ರೈಲಿನಲ್ಲಿ ಬರುವ ಹುಡುಗನೊಬ್ಬನಿದ್ದಾನೆ. ಅವನು ಕಿಟಕಿಯ ಪಕ್ಕದಲ್ಲಿ ಕುಳಿತೇ ಅರ್ಥಶಾಸ್ತ್ರವನ್ನು ಮುಗಿಸಿ ನಮ್ಮೆಲ್ಲರನ್ನೂ ಮೀರಿಸಿದ. ಹೊತ್ತು ಸಿಕ್ಕುವುದು ಒಂದು, ಅದನ್ನು ಹಿಡಿಯುವುದು ಇನ್ನೊಂದು. ಮೂವರೂ ಸೇರಿ, ಸಂಜೆ ಏಳರಿಂದ ಒಂಬತ್ತೂವರೆಯವರೆಗೆ ಮೂರು ಮೊಬೈಲುಗಳನ್ನೂ ಅಕ್ಕಿಯ ಡಬ್ಬದ ಮೇಲೆ ಇಡುವುದೆಂದು ಗೊತ್ತು ಮಾಡಿಕೊಂಡ ಮೇಲೆಯೇ ನಮ್ಮ ಬಿಡಾರ ಬಿಡಾರವಾದದ್ದು.

ಎರಡನೆಯದು ಇದಕ್ಕಿಂತ ಭಾರವಾದದ್ದು. ದಸರೆಯ ರಜಕ್ಕೆ ಊರಿಗೆ ಹೋದಾಗ ಹಟ್ಟಿಯಲ್ಲಿ ಒಂದೇ ಹಸು ಇತ್ತು. ಇನ್ನೊಂದು ಎಲ್ಲಿ ಎಂದು ಕೇಳಿದೆ. ಅವ್ವ ಸೊಪ್ಪು ಸೋಸುತ್ತಾ ತಲೆಯೆತ್ತದೆ, “ಇಬ್ಬರ ಕೆಲಸ ಒಬ್ಬಳ ಕೈಲಿ ಆಗ್ಲಿಲ್ಲ ಮಗ, ಕೊಟ್ಬಿಟ್ಟೆ” ಎಂದಳು. ನನಗೆ ತಿಳಿಸಿದರೆ ನಾನು ಬಿಡಾರ ಬಿಟ್ಟು ಬಂದೇನೆಂದು ಎರಡು ತಿಂಗಳು ಮುಚ್ಚಿಟ್ಟಿದ್ದರಂತೆ. ನನ್ನ ಲೆಕ್ಕದ ಹಾಳೆಯಲ್ಲಿ ಬಾಡಿಗೆ ಇತ್ತು, ಗ್ಯಾಸು ಇತ್ತು, ಹಾಲಿನ ಖರ್ಚೂ ಇತ್ತು. ಬೆಳಿಗ್ಗೆ ಐದು ಗಂಟೆಗೆ ನಾನು ಕರೆಯುತ್ತಿದ್ದ ಹಸು ಇರಲಿಲ್ಲ. ರಸ್ತೆಯ ಮೇಲೆ ಹೋಗುತ್ತಿದ್ದ ನನ್ನ ಹೊತ್ತನ್ನು ಮಾತ್ರ ಎಣಿಸಿದ್ದೆ, ಅವ್ವನ ಹೊತ್ತನ್ನು ಎಣಿಸಿರಲಿಲ್ಲ. ಬಸ್ಸಿನ ಪ್ರಯಾಣವು ಹೇಗೆ ಬಿಟ್ಟಿಯಲ್ಲವೋ ಹಾಗೆಯೇ ಬಿಡಾರದ ಬಿಡುವೂ ಬಿಟ್ಟಿಯಲ್ಲ. ಎರಡಕ್ಕೂ ಯಾರೋ ಒಬ್ಬರು ತಮ್ಮ ಹೊತ್ತನ್ನು ತೆರುತ್ತಾರೆ.

ಆ ರಜ ಮುಗಿಸಿ ಬಂದ ಮೇಲೆ ಗದುಗಿನ ಭಾರತದ ಓದಿಗೆ ನಾನು ಒಂದು ದಿನವೂ ತಪ್ಪಿಸಿಲ್ಲ. ನಾಲ್ಕೂವರೆಯಾದಾಗ ಇನ್ನೂ ಕಾಲು ತಾನಾಗಿ ಚಪ್ಪಲಿಯ ಕಡೆ ಚಲಿಸುವುದುಂಟು. ಕೂತುಕೊಳ್ಳುತ್ತೇನೆ. ಕಥೆಯ ಕೊನೆಗಳು ಹೇಗಿರುತ್ತವೆ ಎಂಬುದು ಈ ವರ್ಷ ನನಗೆ ತಿಳಿಯಿತು. ಆದರೆ ಓದು ಮುಗಿದು ಹೊರಗೆ ಬರುವಾಗ, ಅರ್ಧಕ್ಕೆ ಎದ್ದು ಹೋದ ಪ್ರಥಮ ವರ್ಷದ ಇಬ್ಬರು ಹುಡುಗಿಯರ ಬರಿದಾದ ಜಾಗವೂ ಕಣ್ಣಿಗೆ ಬೀಳುತ್ತದೆ.

ಹಾಗಾದರೆ ನನ್ನ ಅಭಿಪ್ರಾಯವೇನು? ಬಸ್ಸೇ ಮೇಲು, ಬಿಡಾರವೇ ಮೇಲು ಎಂದು ಎಲ್ಲರಿಗೂ ಸೇರಿಸಿ ಒಂದು ತೀರ್ಪು ಕೊಡಲಾಗದು. ಊರು ಹತ್ತು ಕಿಲೋಮೀಟರಿನೊಳಗೆ ಇರುವವರು, ಕಾಯಿಲೆಯವರನ್ನೋ ಕೈಗೂಸುಗಳನ್ನೋ ನೋಡಿಕೊಳ್ಳಬೇಕಾದವರು, ಮನೆಯ ದುಡಿಮೆಯನ್ನು ಬಿಟ್ಟರೆ ಮನೆಯೇ ನಡೆಯದವರು ಬಸ್ಸನ್ನು ಆರಿಸಿಕೊಂಡರೆ ಅದು ಸೋಲಲ್ಲ. ನಾನು ಹೇಳುವುದು ಇಷ್ಟೆ: ಈ ತೀರ್ಮಾನವನ್ನು ರೂಪಾಯಿಯ ಲೆಕ್ಕದಿಂದ ಮಾತ್ರ ಮಾಡಬೇಡಿ, ಹೊತ್ತಿನ ಲೆಕ್ಕವನ್ನೂ ಹಾಕಿರಿ. ದಿನಕ್ಕೆ ಎರಡು ಗಂಟೆಯಾದರೂ ತನ್ನದೇ ಆದ, ದಣಿವಿಲ್ಲದ ಹೊತ್ತು ವಿದ್ಯಾರ್ಥಿಗೆ ಉಳಿಯುತ್ತದೆಯೆ? ಉಳಿಯುವುದಾದರೆ ಎಲ್ಲಿ ಮಲಗಿದರೂ ಚಿಂತೆಯಿಲ್ಲ. ಉಳಿಯದಿದ್ದರೆ ಏರ್ಪಾಟನ್ನು ಬದಲಾಯಿಸಲೇಬೇಕು. ಹಾಗೆ ಬದಲಾಯಿಸುವಾಗ ಮನೆಯಲ್ಲಿ ಯಾರ ಹೊತ್ತು ಅದಕ್ಕೆ ಹೋಗುತ್ತದೆ ಎಂಬುದನ್ನೂ ಅದೇ ಹಾಳೆಯಲ್ಲಿ ಬರೆದುಕೊಳ್ಳಬೇಕು. ನಾನು ಮೊದಲೇ ಬರೆದುಕೊಂಡಿದ್ದರೆ ಶನಿವಾರ ಭಾನುವಾರಗಳನ್ನು ಹಟ್ಟಿಗೆ ಕೊಟ್ಟು ಆ ಹಸುವನ್ನು ಉಳಿಸಿಕೊಳ್ಳುವ ದಾರಿ ಹುಡುಕಬಹುದಾಗಿತ್ತು.

ಹೆಣ್ಣುಮಕ್ಕಳಿಗೆ ಒಂದು ಮಾತು ವಿಶೇಷವಾಗಿ. ಟಿಕೆಟ್ಟಿಲ್ಲದ ಬಸ್ಸು ನಮಗೆ ಬಾಗಿಲು ತೆರೆದಿದೆ. ಅದನ್ನೇ ಕಾರಣ ಮಾಡಿಕೊಂಡು ಬಿಡಾರದ ಬಾಗಿಲು ಮುಚ್ಚದಂತೆ ನಾವೇ ಎಚ್ಚರದಿಂದಿರಬೇಕು. ಅಣ್ಣನಿಗೆ ರೂಮು, ತಂಗಿಗೆ ಬಸ್ಸು ಎಂಬ ಹಂಚಿಕೆ ಎಷ್ಟೋ ಮನೆಗಳಲ್ಲಿ ಯಾರೂ ಯೋಚಿಸದೆಯೇ ನಡೆದುಹೋಗುತ್ತಿದೆ. ಹೆತ್ತವರ ಭಯ ಸುಳ್ಳಲ್ಲ. ಅದಕ್ಕೆ ಜಗಳ ಮದ್ದಲ್ಲ. ಕರೆತಂದು ಕೊಠಡಿಯ ಅಗುಳಿಯನ್ನು ತೋರಿಸುವುದೇ ಮದ್ದು. ಗಂಡುಹುಡುಗರ ಕಷ್ಟವನ್ನೂ ಮರೆತಿಲ್ಲ. ಅವರು ಪಾಸಿಗೆ ಹಣ ತೆರಬೇಕು. ಬಿಡಾರ ಮಾಡಿದರೆ ತಿಂಗಳುಗಟ್ಟಲೆ ಚಿತ್ರಾನ್ನವನ್ನೇ ಉಣ್ಣಬೇಕು. ಮುದ್ದೆ ಕಟ್ಟಲು ಕಲಿಯುವುದು ಅವರ ಪದವಿಗೇನೂ ಕುಂದಲ್ಲ ಎಂದು ಸೋದರಿಯಾಗಿ ಸೂಚಿಸುತ್ತೇನೆ.

ಕೊನೆಯದಾಗಿ, ನಮ್ಮ ಗುರುಗಳಲ್ಲಿ ಒಂದು ಬಿನ್ನಹ. ನಮ್ಮ ತರಗತಿಗಳಲ್ಲಿ ಬಹುಪಾಲು ಮಂದಿ ದಿನವೂ ಊರಿನಿಂದ ಬಂದು ಹೋಗುವವರು. ಅವರೆಲ್ಲರೂ ಬಿಡಾರ ಮಾಡಲಾರರು. ಆದುದರಿಂದ ಸಂಘದ ಕಾರ್ಯಕ್ರಮಗಳಲ್ಲಿಯೂ ಸಾಹಿತ್ಯಕೂಟಗಳಲ್ಲಿಯೂ ವಾರಕ್ಕೆ ಒಂದನ್ನಾದರೂ ಮಧ್ಯಾಹ್ನದ ಬಿಡುವಿಗೆ ತಂದರೆ ಬಸ್ಸಿನವರಿಗೂ ಅದು ದಕ್ಕೀತು. ಮೊದಲ ಬಸ್ಸಿಗೆ ಬಂದು ಬಾಗಿಲ ಬಳಿ ಕಾಯುವವರಿಗೆ, ತರಗತಿಗೆ ಮುಂಚೆ ಕೂತು ಓದಲು ಒಂದು ಕೊಠಡಿ ದೊರೆತರೆ ಸಾಕು. ದಿನಕ್ಕೆ ಮುಕ್ಕಾಲು ಗಂಟೆ ಉಳಿದರೂ 180 ದಿನಗಳಿಗೆ 135 ಗಂಟೆಗಳಾದವು. ಪ್ರವೇಶದ ದಿನಗಳಲ್ಲಿ ಹಾಸ್ಟೆಲಿನ ಅರ್ಜಿ, ವಿದ್ಯಾಸಿರಿಯ ಅರ್ಜಿಗಳನ್ನು ತುಂಬಲು ಹಿರಿಯ ವಿದ್ಯಾರ್ಥಿಗಳು ಒಂದು ಮೇಜು ಹಾಕಿ ಕೂರಬಹುದು. ಒಂದೇ ದಿಕ್ಕಿನ ಊರಿನವರು ಸೇರಿ ಕೊಠಡಿ ಹಿಡಿಯಲು ಅನುಕೂಲವಾಗುವಂತೆ ಸೂಚನಾ ಫಲಕದ ಒಂದು ಮೂಲೆಯನ್ನು ಬಿಟ್ಟುಕೊಡಬಹುದು. ಇವು ಯಾವುದಕ್ಕೂ ಹೆಚ್ಚಿನ ಹಣ ಬೇಕಾಗದು.

ಈ ಮಾತಿಗೆ ಒಂದು ಸಾಕ್ಷಿಯೂ ಇದೆ. ನನ್ನ ಆ ಕನ್ನಡ ಅಧ್ಯಾಪಕರಿಗೆ ಬರಿದಾಗುವ ಆ ಎರಡು ಜಾಗಗಳ ಸಂಗತಿಯನ್ನು ಕಳೆದ ತಿಂಗಳು ತಿಳಿಸಿದೆ. ಅವರು ಸ್ವಲ್ಪ ಹೊತ್ತು ಯೋಚಿಸಿ, “ಹಾಗಾದರೆ ಗುರುವಾರದ ಓದನ್ನು ಒಂದೂವರೆಗೇ ಇಟ್ಟುಕೊಳ್ಳೋಣ. ಡಬ್ಬಿ ತಂದವರು ಅಲ್ಲೇ ಉಣ್ಣಲಿ” ಎಂದರು. ಮೊನ್ನೆಯ ಗುರುವಾರ ಇಪ್ಪತ್ತಕ್ಕೂ ಹೆಚ್ಚು ಜನ ಸೇರಿದ್ದರು. ಡಬ್ಬಿಗಳ ಸದ್ದು ಮೊದಲು ಸ್ವಲ್ಪ ಹೆಚ್ಚಾಗಿಯೇ ಇತ್ತು, ಆಮೇಲೆ ನಿಂತಿತು. ಆ ಇಬ್ಬರು ಹುಡುಗಿಯರು ಕೊನೆಯ ಪದ್ಯದವರೆಗೂ ಕೂತಿದ್ದರು.

— ಅಂತಿಮ ಬಿ.ಎ. ವಿದ್ಯಾರ್ಥಿನಿ